ತೊಳೆದಿಟ್ಟ ಕಲ್ಲುಗಳು

ಶಕುಂತಲಾಬಾಯಿಯ ಹಿತ್ತಲ ಟಾಕಿಯಲ್ಲಿ ಬೇಸಗೆಯಿಡೀ ನೀರು ತುಂಬಿಕೊಂಡೇ ಇತ್ತು. ಆದರೆ ಅದರಿಂದ ಒಂದು ತಂಬಿಗೆ ನೀರನ್ನೂ ಮನೆಯವರು ತೆಗೆಯುವಂತಿರಲಿಲ್ಲ. ಬಸವಕಲ್ಯಾಣದ ಆ ಓಣಿಗೆ ನಳದ ನೀರು ಬರುವುದೇ ವಾರಕ್ಕೊಮ್ಮೆ, ಪುಣ್ಯವಿದ್ದರೆ ಎರಡು ಸಲ. ಬಂದಾಗ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಲ್ಲುತ್ತಿದ್ದರು. ಪ್ಯಾಟಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಮಹಾರುದ್ರಪ್ಪನ ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಅವರ ನಡುವೆ ನಿಲ್ಲಬೇಕಾಗಿ ಬಂದದ್ದು ಆಕೆಗೆ ನುಂಗಲಾರದ ತುತ್ತಾಗಿತ್ತು. ಯಾಕೆಂದರೆ ಟಾಕಿಯ ತುಂಬ ಸೊಸೆಯ ಕಲ್ಲುಗಳಿದ್ದವು.

ಕಲ್ಲು ಎಂದು ಮನೆಯವರು ಅನ್ನುತ್ತಿದ್ದರೇ ಹೊರತು ಅವು ಕಲ್ಲಲ್ಲ. ಸೊಸೆ ಮನೀಷಾ ಹುಮನಾಬಾದಿನ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ, ಅಲ್ಲಿಯೇ ಪಿಎಚ್‌ಡಿಯನ್ನೂ ಮಾಡುತ್ತಿದ್ದಳು. ಸಕ್ಕರೆ ಕಾರ್ಖಾನೆಯವರು ಕಬ್ಬಿನ ಸಿಪ್ಪೆ ಸುಟ್ಟು ಹೊರಗೆ ಚೆಲ್ಲುವ ಬೂದಿಯನ್ನು ಸಿಮೆಂಟಿಗೆ ಬೆರೆಸಿ, ಒಂದರಲ್ಲಿ ಕಡಿಮೆ, ಒಂದರಲ್ಲಿ ಹೆಚ್ಚು ಹಾಕಿ, ಎರಕ ಹೊಯ್ದ ಚೌಕ ಕಾಂಕ್ರೀಟ್ ತುಂಡುಗಳವು. ಕೆಲವನ್ನು ಆರು ತಿಂಗಳಿಗೆ ಒಡೆದು ನೋಡಿಯಾಗಿತ್ತು; ಉಳಿದವು ಪೂರ್ತಿ ಒಂದು ವರ್ಷ ನೀರಿನಲ್ಲಿ ಮುಳುಗಿದ್ದು, ಆಮೇಲೆ ಮಶೀನಿನಲ್ಲಿ ಒಡೆಸಿಕೊಳ್ಳಬೇಕು. ಯಾವುದು ಎಷ್ಟು ಭಾರ ತಡೆಯಿತು ಎಂಬುದರ ಮೇಲೆ ಅವಳ ಪ್ರಬಂಧ ನಿಂತಿತ್ತು. ಮೊದಲು ಅವು ವಿಭಾಗದ ಪ್ರಯೋಗಾಲಯದಲ್ಲೇ ಇದ್ದವು. ಯಾವುದೋ ತಪಾಸಣಾ ಸಮಿತಿ ಬರುತ್ತದೆಂದು ಅಲ್ಲಿ ಟೈಲ್ಸ್ ಹಾಕಿಸುವಾಗ, ಹಳೆಯದೆಲ್ಲ ಹೊರಗೆ ಹೋಗಲಿ ಎಂದು ಮುಖ್ಯಸ್ಥರ ಅಪ್ಪಣೆಯಾಯಿತು. ಮನೀಷಾ ಹಸಿ ಗೋಣಿಚೀಲ ಹೊದಿಸಿ, ಓಣಿಯ ನಸೀರನ ಟಂಟಂ ಗಾಡಿಯಲ್ಲಿ ಅವನ್ನು ಮನೆಗೆ ತಂದು ಟಾಕಿಗಿಳಿಸಿದ್ದಳು. ಅಂದಿನಿಂದ ಆ ಮನೆಯಲ್ಲಿ ಊಟಕ್ಕೆ ಉಪ್ಪಿನಕಾಯಿ ಇಲ್ಲದಿದ್ದರೂ ಜಗಳ ತಪ್ಪುತ್ತಿರಲಿಲ್ಲ.

"ಮನ್ಯಾಗ ಟಾಕಿ ಇಟ್ಕೊಂಡು ಮಂದಿ ಮುಂದ ಕೊಡ ಹಿಡ್ದು ನಿಂದರಾಕತ್ತೇನಿ," ಎಂದು ಶಕುಂತಲಾಬಾಯಿ ರೊಟ್ಟಿ ಬಡಿಯುತ್ತಲೇ ಶುರುಮಾಡುತ್ತಿದ್ದಳು.

"ದಸರಾ ದಾಟಲಿ ಅತ್ತಿ. ಆಮ್ಯಾಲ ಟಾಕಿ ನಿಮ್ದೇ."

"ಅಲ್ಲೀತನ ನಾ ಇರಬೇಕಲ್ಲ."

"ಇರ್ತೀರಿ. ನನ್ನ ಬೈಯಾಕರೆ ಇರ್ತೀರಿ."

ಬಿ.ಎ. ಕೊನೆಯ ವರ್ಷದಲ್ಲಿದ್ದ ಮಗಳು ಶೀತಲ್ ಕಿಸಕ್ಕನೆ ನಗುತ್ತಿದ್ದಳು. ಮಗ ಸತೀಶಕುಮಾರ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅಪ್ಪನ ಜೊತೆ ಅಂಗಡಿಯಲ್ಲಿ ಕೂತು ಕೂತು ಎರಡು ಗಿರಾಕಿಗಳ ನಡುವೆ ಬಾಯಿ ಹಾಕಬಾರದೆಂಬುದು ಅವನಿಗೆ ರೂಢಿಯಾಗಿತ್ತು. ಮಹಾರುದ್ರಪ್ಪ ಮಾತ್ರ, "ಪುಂಡಿಪಲ್ಯಾ ಹಾಕು, ಕಲ್ಲಿನ ಮಾತು ಸಾಕು," ಎನ್ನುತ್ತಿದ್ದ.

ಒಮ್ಮೆ ಮಾತು ಮಿತಿ ಮೀರಿತು. ಬೇಸಗೆಯ ನಡುಮಧ್ಯ, ಹತ್ತು ದಿನವಾದರೂ ನಳ ಬಂದಿರಲಿಲ್ಲ. ಮನೀಷಾ ಕುಡಿಯುವ ನೀರಿನ ಡ್ರಮ್ಮಿನಿಂದ ಎರಡು ಬಕೆಟ್ ತೆಗೆದು ಟಾಕಿಗೆ ಹಾಕಿದ್ದನ್ನು ಅತ್ತೆ ನೋಡಿದಳು.

"ಬ್ಯಾರೇರ ಸೊಸ್ತೇರು ಕೂಸಿಗಿ ನೀರು ಎರಿತಾರ," ಎಂದಳು. "ನನ್ನ ಸೊಸಿ ಕಲ್ಲಿಗಿ ಎರಿತಾಳ."

ಮನೀಷಾ ಖಾಲಿ ಬಕೆಟನ್ನು ಕೆಳಗಿಟ್ಟಳು. ಮದುವೆಯಾಗಿ ಐದು ವರ್ಷವಾಗಿತ್ತು. ಪ್ರಬಂಧ ಮುಗಿಯಲಿ ಎಂದು ಗಂಡ ಹೆಂಡತಿ ಕೂಡಿಯೇ ಮಕ್ಕಳಾಗುವುದನ್ನು ಮುಂದೂಡಿದ್ದರು. ಆದರೆ ಆ ಮಾತನ್ನು ಆಡಬೇಕಾದ ಸತೀಶಕುಮಾರ ಅಂಗಡಿಗೆ ಹೋಗಿಬಿಟ್ಟಿದ್ದ.

"ಕಲ್ಲು ಅಳಂಗಿಲ್ರಿ ಅತ್ತಿ, ಅಷ್ಟು ಆರಾಮ," ಎಂದು ಹೇಳಿ ಅವಳು ಚೀಲ ಹೆಗಲಿಗೇರಿಸಿ ಬಸ್ಸಿಗೆ ನಡೆದಳು. ಶಕುಂತಲಾಬಾಯಿಗೆ ಆಮೇಲೆ ಕೆಡುಕೆನಿಸಿತು. ಆದರೆ ಅತ್ತೆಯಾದವಳು ಅದನ್ನು ಹೇಳಿಕೊಳ್ಳುವುದು ಹೇಗೆ?

ಶ್ರಾವಣದಲ್ಲಿ ಮನೀಷಾ ಜ್ವರ ಹಿಡಿದು ಮಲಗಿದಳು. ಮೈ ಕೆಂಡದಂತೆ ಸುಡುತ್ತಿದ್ದರೂ ಮುಂಜಾನೆ ಎದ್ದು ಗೋಡೆ ಹಿಡಿದು ಹಿತ್ತಲಿಗೆ ಹೊರಟವಳನ್ನು ಶಕುಂತಲಾಬಾಯಿ ತೋಳು ಹಿಡಿದು ತಂದು ಮಲಗಿಸಿದಳು.

"ಎಲ್ಲೀತನ ತುಂಬಬೇಕು, ಅಷ್ಟು ಹೇಳು."

"ಕಲ್ಲಿನ ಮ್ಯಾಲ ಒಂದು ಗೇಣು ನೀರು ಇರಬೇಕ್ರಿ. ಗಾಳಿ ತಾಗಬಾರದು, ಒಣಗಬಾರದು."

ಜ್ವರ ಇಳಿಯುವ ತನಕ ಆಕೆಯೇ ತುಂಬಿದಳು. ಗಂಜಿ ಕುಡಿಸುತ್ತ ಕೂತಾಗ ಒಂದು ದಿನ ಕೇಳಿಯೂ ಬಿಟ್ಟಳು: "ಅಲ್ಲಬೇ, ಏನದ ಅದರಾಗ? ಬರೇ ಬೂದಿ ಅಲ್ಲೇನು?"

ಮನೀಷಾ ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು ಅತ್ತೆಯ ಮುಖ ನೋಡಿದಳು. ಆ ಮನೆಗೆ ಬಂದಮೇಲೆ ಯಾರೂ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ. "ಸಿಮೆಂಟು ನೀರು ಕುಡೀತದ್ರಿ ಅತ್ತಿ. ಕುಡಿಸಿದಷ್ಟು ದಿನ ಗಟ್ಟಿ ಆಗ್ತಾ ಹೋಗ್ತದ. ಬೂದಿ ಬೆರೆಸಿದ್ದು ಜರಾ ಸಾವಕಾಶ ಗಟ್ಟಿ ಆಗ್ತದ, ಅದಕ್ಕ ವರ್ಷ ಕಾಯೂದು. ಅದು ತಡೀತು ಅಂದ್ರ, ಇಲ್ಲಿ ಸುತ್ತಮುತ್ತ ಹಾರಿ ಮಂದಿಗಿ ಕೆಮ್ಮು ಹಚ್ಚೋ ಬೂದಿ ಸ್ಲ್ಯಾಬಿಗಿ ಹೋಗ್ತದ. ಬಡವ್ರ ಮನಿ ಸೋವಿ ಆಗ್ತದ."

"ತಡೀಲಿಲ್ಲ ಅಂದ್ರ?"

"ತಡೀಲಿಲ್ಲ ಅಂತ ಬರೀಬೇಕ್ರಿ. ಅದೂ ಗೊತ್ತಾಗಬೇಕಲ್ಲ."

ಆ ಮೇಲೆ ಶಕುಂತಲಾಬಾಯಿ ಬೇರೆಯೇ ಆದಳು. ಬಟ್ಟೆ ತೊಳೆಯಲು ಒಂದು ಬಕೆಟ್ ನೀರು ತೆಗೆದುಕೊಳ್ಳುತ್ತೇನೆಂದು ಬಂದ ಪಕ್ಕದ ಮನೆಯವಳನ್ನು, "ಮುಟ್ಟಬ್ಯಾಡವ್ವ, ಅವು ಕುಡ್ಯಾಕತ್ತಾವ," ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದಳು. ಮಹಾರುದ್ರಪ್ಪ ಬೆರಗಾಗಿ ಮಗನ ಕಡೆ ನೋಡಿದ. ಅತ್ತೆ ಸೊಸೆ ಕೂಡಿ ರೊಟ್ಟಿಗೆಂದು ಶೇಂಗಾ ಹಿಂಡಿ ಕುಟ್ಟುತ್ತ ಮಾತಾಡುವುದು ಕೇಳಿಸಿದಾಗ ಅವನು ಅಂಗಡಿಯಿಂದ ಪೇಡಾ ತಂದ. ಯಾಕೆಂದು ಮಾತ್ರ ಹೇಳಲಿಲ್ಲ.

ಸೊಸೆಯ ಗಡುವು ಎಷ್ಟು ಬಿಗಿಯಾಗಿದೆ ಎಂಬುದನ್ನು ಒಂದು ರಾತ್ರಿಯೂಟಕ್ಕೆ ಸತೀಶಕುಮಾರ ಬಿಡಿಸಿ ಹೇಳಿದ. "ಈ ವರ್ಷ ಥೀಸಿಸ್ ಕೊಡಲಿಲ್ಲಂದ್ರ ಅವಳ ನೋಂದಣಿ ರದ್ದು ಆಗ್ತದ ಅವ್ವಾ. ಎರಡು ಸಲ ಮುಂದ ಹಾಕಿಸ್ಯಾಳ, ಇನ್ನ ಹಾಕಂಗಿಲ್ಲ. ಪಿಎಚ್‌ಡಿ ಇಲ್ಲದವರನ್ನ ಪಾಠಕ್ಕೂ ಇಟ್ಕೊಳ್ಳಂಗಿಲ್ಲಂತ. ಕಲ್ಲು ಒಡೆದು ನಂಬರ್ ಬಂದ್ರ ಎಲ್ಲಾ ಬಂತು, ಇಲ್ಲಂದ್ರ ಎರಡೂ ಹೋತು."

"ಯಾಕ ಹೋಗ್ತದ?" ಎಂದಳು ಶಕುಂತಲಾಬಾಯಿ. "ನಾ ಇಲ್ಲೇನು?"

ದಸರೆಯ ಮರುವಾರ ಮನೀಷಾ ಬಸ್ಸಿಳಿದು ಬಂದವಳೇ ಸುದ್ದಿ ಹೇಳಿದಳು. ಕಲ್ಲುಗಳನ್ನು ಮನೆಯಲ್ಲಿಟ್ಟದ್ದಕ್ಕೆ ಅವಳ ಪಿಎಚ್‌ಡಿ ಸಮಿತಿಯಲ್ಲಿ ಒಬ್ಬರು ತಕರಾರು ತೆಗೆದಿದ್ದರು. ಹಾಗಾಗಿ ಅವಳ ಮಾರ್ಗದರ್ಶಕ ಮಚ್ಚೇಂದ್ರ ಸರ್, ಹೊರಗಿನ ವಿಶ್ವವಿದ್ಯಾಲಯದ ಒಬ್ಬ ಹಿರಿಯ ಪ್ರೊಫೆಸರನ್ನು ಕರೆದುಕೊಂಡು ಶುಕ್ರವಾರ ಬಂದು ಕಣ್ಣಾರೆ ನೋಡುತ್ತಾರೆ. ಸರಿ ಎಂದರೆ ಸೋಮವಾರ ಒಡೆಯುವುದು.

"ಬರೇ ಚಹಾ ಮಾಡ್ರಿ ಅತ್ತಿ, ಮತ್ತೇನೂ ಬ್ಯಾಡ," ಎಂದು ಹೇಳಿ ಶುಕ್ರವಾರ ಮುಂಜಾನೆ ಅವರನ್ನು ಕರೆತರಲು ಹುಮನಾಬಾದಿಗೆ ಹೋದಳು.

ಬರೇ ಚಹಾ! ದೊಡ್ಡ ಮನುಷ್ಯರು ಮನೆಗೆ ಬರುವಾಗ ಬರೇ ಚಹಾ ಕೊಟ್ಟು ಕಳಿಸುವ ಮನೆತನವೇ ಇದು? ಶಕುಂತಲಾಬಾಯಿ ಸುಸಲಾಕ್ಕೆ ಚುರುಮುರಿ ನೆನೆಹಾಕಿದಳು, ಗೋಧಿ ಬೆಲ್ಲದ ಮಾದಲಿ ಮಾಡಿದಳು, ಅಂಗಳ ಸಾರಿಸಿದಳು. ಆಮೇಲೆ ಟಾಕಿಯೊಳಗೆ ಬಗ್ಗಿ ನೋಡಿದಳು. ವರ್ಷದ ಹಸಿರು ಪಾಚಿ ಕಲ್ಲುಗಳ ಮೇಲೆ ಕಂಬಳಿಯಂತೆ ಕೂತಿತ್ತು. ಶೀತಲ್‌ಳನ್ನು ನೋಡಲು ಗಂಡಿನವರು ಬಂದಾಗ ಹೊಸ್ತಿಲ ಸಂದಿಯ ಧೂಳನ್ನೂ ಸೂಜಿಯಿಂದ ತೆಗೆದವಳು ಆಕೆ. ಸೊಸೆಯ ವರ್ಷದ ದುಡಿತವನ್ನು ನೋಡಲು ಬಂದವರಿಗೆ ಈ ಹೊಲಸು ತೋರಿಸುವುದೇ?

"ಶೀತಲ್, ಬಾ. ಅಂಗಡ್ಯಾಗಿಂದ ತಂತಿ ಬ್ರಷ್ ತಂದೀವಲ್ಲ, ಡಬ್ಬಿ ತಿಕ್ಕೋದು, ಅದನ್ನ ತಾ."

"ಮನೀಷಾ ವೈನಿಗಿ ಫೋನ್ ಹಚ್ಚಿ ಕೇಳೂಣೇನು?"

"ಬ್ಯಾಡ. ಬಂದು ತಾನೇ ನೋಡ್ಲಿ."

ಒಂದೊಂದು ಕಲ್ಲೂ ವರ್ಷದ ಕೂಸಿನಷ್ಟು ಭಾರ. ತಾಯಿ ಎತ್ತಿ ಕೊಟ್ಟಳು, ಮಗಳು ತಿಕ್ಕಿದಳು. ಮಗಳ ಕೈ ಸೋತಾಗ ತಾಯಿ ತಿಕ್ಕಿದಳು. ಹಸಿರಿನ ಕೆಳಗೆ ಅಲ್ಲಲ್ಲಿ ಕರಿಯ ಕಲೆಯೂ ಇತ್ತು. ಅದು ಸುಲಭಕ್ಕೆ ಹೋಗಲಿಲ್ಲ, ಆದರೆ ಶಕುಂತಲಾಬಾಯಿ ಬಿಡುವವಳಲ್ಲ. ಒಣಗಬಾರದು ಎಂಬುದು ಆಕೆಗೆ ಚೆನ್ನಾಗಿ ನೆನಪಿತ್ತು. ತೊಳೆದದ್ದನ್ನೆಲ್ಲ ಕಟ್ಟೆಯ ಮೇಲೆ ಒತ್ತಾಗಿ ಜೋಡಿಸಿ, ತನ್ನದೇ ಹಳೆಯ ಸೀರೆಯನ್ನು ನೆನೆಸಿ ಹೊದಿಸಿದಳು, ಗಳಿಗೆಗೊಮ್ಮೆ ನೀರು ಚಿಮುಕಿಸಿದಳು. ಮೂಲೆ ಮುಕ್ಕಾದವು ಕಾಣಬಾರದೆಂದು ಅವನ್ನು ಹಿಂದೆ ಹಾಕಿದಳು. ತಿಳಿದದ್ದರಲ್ಲಿ ಆಕೆ ಒಂದನ್ನೂ ಬಿಡಲಿಲ್ಲ. ತಿಳಿಯದ್ದು ಒಂದೇ ಇತ್ತು, ಅದನ್ನು ಆಕೆಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಜೀಪು ಬಂದು ನಿಂತಿತು. ಮಚ್ಚೇಂದ್ರ ಸರ್ ಬಡಕಲು ದೇಹದ, ಸದಾ ನಿದ್ದೆಗೆಟ್ಟಂತೆ ಕಾಣುವ ಮನುಷ್ಯ. ಪ್ರೊಫೆಸರು ದಪ್ಪಗೆ, ನಗುಮುಖದವರು. ಶಕುಂತಲಾಬಾಯಿ ತಲೆಯ ಮೇಲೆ ಸೆರಗು ಹೊದ್ದು, ತಾನೇ ಮುಂದೆ ಹೋಗಿ ಸೀರೆ ಸರಿಸಿದಳು. ಬೂದುಬಣ್ಣದ ಕಲ್ಲುಗಳು ಹೊಸದಾಗಿ ಎರಕ ಹೊಯ್ದಂತೆ ಸಾಲಾಗಿ ಕೂತಿದ್ದವು.

"ವಾಹ್, ಭಾಳ ಸ್ವಚ್ಛ ಇಟ್ಟೀರಿ ಅಮ್ಮಾ," ಎಂದರು ಪ್ರೊಫೆಸರು.

ಆಕೆಯ ಜೀವ ತಂಪಾಯಿತು. ಮೆಚ್ಚುಗೆಗಾಗಿ ಸೊಸೆಯ ಕಡೆ ತಿರುಗಿದಳು.

ಮನೀಷಾ ಒಂದು ಕಲ್ಲನ್ನು ಎತ್ತಿ ಹೊರಳಿಸಿದಳು. ಇಟ್ಟು ಇನ್ನೊಂದನ್ನು ಎತ್ತಿದಳು. ಆರೂ ಮಗ್ಗುಲು ತಿರುಗಿಸಿ ನೋಡಿ ಅದನ್ನೂ ಇಟ್ಟಳು. ಮತ್ತೊಂದು.

"ಅತ್ತಿ, ಇದರ ಮ್ಯಾಲ ಕರೀ ಅಕ್ಷರ ಇದ್ದವಲ್ರಿ."

"ಅಕ್ಷರ ಎಲ್ಲಿದ್ದವು? ಕರೀ ಹೊಲಸು ಇತ್ತು. ತಿಕ್ಕಿ ತಿಕ್ಕಿ ತಗದೀನಿ."

"ಟಾಕ್ಯಾಗ ಯಾವ ಸಾಲಿನಾಗ ಇದ್ದದ್ದು ಎಲ್ಲಿ ಇಟ್ಟೀರಿ? ಮೊದಲ್ನೇ ಸಾಲು ಎಲ್ಲಿ ಅದ?"

"ಸಾಲು ಅಂದ್ರ? ಚಲೋ ಇದ್ದದ್ದು ಮುಂದ, ಮುಕ್ಕಾದದ್ದು ಹಿಂದ." ಆಕೆಯ ದನಿ ತಾನಾಗಿಯೇ ಸಣ್ಣದಾಯಿತು. "ಯಾಕಬೇ, ಏನಾಯ್ತು?"

ಯಾವ ಕಲ್ಲಿನಲ್ಲಿ ಎಷ್ಟು ಬೂದಿ ಎಂಬುದು ಆ ಕರಿಯ ಅಕ್ಷರದಲ್ಲಿತ್ತು. ಅಕ್ಷರ ಅಳಿಸಿದ್ದರೂ ಇಟ್ಟ ಜಾಗದಿಂದ ಹೇಳಬಹುದಿತ್ತು. ಈಗ ಅಕ್ಷರವೂ ಇಲ್ಲ, ಜಾಗವೂ ಇಲ್ಲ. ಕಟ್ಟೆಯ ಮೇಲಿದ್ದದ್ದು ಒಂದೇ ಬಣ್ಣದ, ಒಂದೇ ಅಳತೆಯ, ಯಾತಕ್ಕೂ ಬಾರದ ಕಾಂಕ್ರೀಟು. ಪ್ರೊಫೆಸರು ಮಾದಲಿ ತಿಂದು, ತುಪ್ಪ ಚೆನ್ನಾಗಿದೆ ಎಂದು ಎರಡು ಸಲ ಹೇಳಿದರು.

ಎಲೆ ಅಡಿಕೆಯ ತಟ್ಟೆ ಹಿಡಿದು ಜೀಪಿನ ಹತ್ತಿರ ಹೋದಾಗ ಶಕುಂತಲಾಬಾಯಿಯ ಕಿವಿಗೆ ಮಚ್ಚೇಂದ್ರ ಸರ್ ಮಾತು ಬಿತ್ತು.

"ಆರು ತಿಂಗಳ ತನಕದ ಫಲಿತಾಂಶ ಅದಾವಲ್ಲ ಮನೀಷಾ. ಗ್ರಾಫಿನಾಗ ಅದೇ ಗೆರಿ ಮುಂದ ಎಳಿ, ವರ್ಷದ ನಂಬರ್ ಬರ್ತದ. ನಾ ಸಹಿ ಮಾಡ್ತೀನಿ. ಇವರೂ ಏನೂ ಅನ್ನಂಗಿಲ್ಲ."

"ಗೆರಿ ಎಲ್ಲಿಗಿ ಹೋಗ್ತದ ನೋಡಾಕೇ ಅಲ್ರಿ ಸರ್ ವರ್ಷ ಕಾದದ್ದು?"

ಅವರು ತಮ್ಮ ಬೂಟು ನೋಡಿಕೊಂಡರು. "ಖರೇ ಅದ. ಆದ್ರ ನಿನಗ ಮತ್ತೊಂದು ವರ್ಷ ಕೊಡಿಸೋ ತಾಕತ್ತು ನನಗಿಲ್ಲ. ವಿಚಾರ ಮಾಡು."

ಮರುದಿನ ಮಹಾರುದ್ರಪ್ಪ ಅಂಗಡಿಯ ತೂಕದ ಮಶೀನನ್ನು ಹೊರಿಸಿಕೊಂಡು ಬಂದ. ಬೂದಿ ಹಗುರ, ಹೆಚ್ಚು ಬೂದಿ ಹಾಕಿದ್ದು ಹಗುರವಿರಲೇಬೇಕು ಎಂಬುದು ವ್ಯಾಪಾರಿಯ ಲೆಕ್ಕ. ಇಡೀ ಮನೆ ಹಿತ್ತಲಲ್ಲಿ ಕೂತಿತು. ಸತೀಶಕುಮಾರ ಅಂಗಡಿ ಮುಚ್ಚಿ ಬಂದು ಕಲ್ಲು ಎತ್ತಿ ಇಟ್ಟ, ಮಾವ ತೂಕ ಓದಿದ, ಶೀತಲ್ ಬರೆದಳು, ಶಕುಂತಲಾಬಾಯಿ ಹಸಿ ಬಟ್ಟೆ ಹಿಡಿದು ನಿಂತಳು. ವರ್ಷವಿಡೀ ಮನೆಯ ಗಂಡಸರು ತಿರುಗಿಯೂ ನೋಡದಿದ್ದ ಕಲ್ಲುಗಳ ಸುತ್ತ ಆ ದಿನ ಎಲ್ಲರೂ ಇದ್ದರು.

"ಹತ್ತಿರ ಹತ್ತಿರ ಎಲ್ಲಾ ಒಂದೇ ಬರಾಕತ್ತದಲ್ಲ," ಎಂದ ಮಹಾರುದ್ರಪ್ಪ.

"ಬರ್ತದ್ರಿ ಮಾವಾರ. ಒಂದೇ ಬೂದಿಯ ಎರಡು ಕಲ್ಲಿನಾಗೇ ಇಷ್ಟು ಫರಕು ಇರ್ತದ. ಇದರಿಂದ ಹೇಳಾಕ ಬರಂಗಿಲ್ಲ." ಇದು ಅವಳಿಗೆ ಮೊದಲೇ ಗೊತ್ತಿತ್ತು. ಆದರೂ ಅವರ ಉಮೇದು ನೋಡಿ ಕೊನೆಯ ಕಲ್ಲಿನ ತನಕ ಸುಮ್ಮನಿದ್ದಳು.

ಅಂದು ಊಟದಲ್ಲಿ ಬ್ಯಾಳಿಗೆ ಉಪ್ಪು ಹಾಕುವುದನ್ನು ಯಾರೋ ಮರೆತಿದ್ದರು, ಯಾರೂ ಅದನ್ನು ಆಡಲಿಲ್ಲ.

"ಸರ್ ಹೇಳಿದಂಗ ಬರಿ," ಎಂದ ಸತೀಶಕುಮಾರ. "ಸಹಿ ಅವರೇ ಮಾಡ್ತೀನಂದಾರ. ಎಷ್ಟ್ ಮಂದಿ ಹಂಗ ಬರ್ದಿಲ್ಲ?"

"ನಿಮ್ಮ ಅಂಗಡ್ಯಾಗ ತೂಕ ಮಾಡದೇ ಚೀಟಿ ಹಚ್ಚಿ ಕೊಡ್ತೀರೇನ್ರಿ?"

"ಅದು ಬ್ಯಾರೆ, ಇದು ಬ್ಯಾರೆ."

"ಬರಿಯವ್ವ," ಎಂದಳು ಶಕುಂತಲಾಬಾಯಿ. ಆಕೆ ಊಟದ ತಟ್ಟೆಯನ್ನೇ ಮುಟ್ಟಿರಲಿಲ್ಲ. "ಪಾಪ ಏನಿದ್ರೂ ನನಗ ಹತ್ತಲಿ. ನಿನ್ನ ಕೈ ಮುಗೀತೀನಿ, ಬರದು ಕೊಡು."

ಮನೀಷಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಹೆಚ್ಚಿಗಿ ಬೂದಿ ಹಾಕಿದ್ದು ಆರು ತಿಂಗಳಿಗಿ ಜರಾ ಇಳಿಯಾಕತ್ತಿತ್ರಿ ಅತ್ತಿ. ವರ್ಷಕ್ಕ ಮತ್ತ ಏರ್ತದೋ, ಇಳೀತದೋ ನನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಏರ್ತದಂತ ನಾ ಬರದ್ರ, ಅದನ್ನ ನೋಡಿ ಯಾರೋ ಸ್ಲ್ಯಾಬ್ ಹಾಕ್ತಾರ. ಅದರ ಕೆಳಗ ಮಂದಿ ಮಕ್ಕೋತಾರ."

ಅವಳು ಬರೆಯಲಿಲ್ಲ. ಕಾರ್ತಿಕ ಕಳೆಯುವುದರೊಳಗೆ ನೋಂದಣಿ ರದ್ದಾದ ಪತ್ರ ಬಂತು. ಅವಳು ಪಾಠ ಮಾಡುತ್ತಿದ್ದ ತರಗತಿಗಳು ಪೂನಮ ಎಂಬ ಹೊಸಬಳ ಪಾಲಾದವು. ಮಚ್ಚೇಂದ್ರ ಸರ್ ಒಮ್ಮೆ ಫೋನ್ ಮಾಡಿ, ಏನು ಹೇಳಬೇಕೆಂದು ತಿಳಿಯದೆ ಅತ್ತೆಯವರು ಹೇಗಿದ್ದಾರೆ ಎಂದು ಕೇಳಿ ಇಟ್ಟರು. ಕಲ್ಲುಗಳನ್ನು ನಸೀರ ತನ್ನ ಹಿತ್ತಲಿಗೆ ಕಟ್ಟೆ ಕಟ್ಟಿಸಲು ಒಯ್ದ.

ಆ ಮನೆಯಲ್ಲಿ ಜಗಳ ನಿಂತುಹೋಯಿತು. ಮನೀಷಾ ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ ರಂಗೋಲಿ ಹಾಕುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಮಾವನ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು. ಏನು ಕೇಳಿದರೂ "ಆಯ್ತ್ರಿ", ಏನು ಹೇಳಿದರೂ "ಹೌದ್ರಿ". ಇಂಥ ಸೊಸೆ ಬೇಕೆಂದು ಶಕುಂತಲಾಬಾಯಿ ಎಷ್ಟೋ ಗುಡಿಗಳಲ್ಲಿ ಬೇಡಿಕೊಂಡಿದ್ದಳು. ಸಿಕ್ಕಮೇಲೆ ಅವಳ ಮುಖ ನೋಡಲು ಆಕೆಗೆ ಧೈರ್ಯವಾಗಲಿಲ್ಲ. ಒಂದು ಸಲವಾದರೂ ಬೈದರೆ ಹಗುರಾದೀತೆಂದು, ಬೇಕೆಂದೇ ಪಲ್ಯ ಸಪ್ಪಗಿದೆ ಎಂದಳು, ರೊಟ್ಟಿ ಸೀದಿದೆ ಎಂದಳು, ಹಾಲು ಉಕ್ಕಿಸಿದೆ ಎಂದಳು. ಮನೀಷಾ ಪಲ್ಯಕ್ಕೆ ಉಪ್ಪು ಹಾಕಿ ತಂದಳು, ಬೇರೆ ರೊಟ್ಟಿ ಬಡಿದಳು, ಒಲೆ ಒರೆಸಿದಳು.

ಒಂದು ಮಧ್ಯಾಹ್ನ ಇಬ್ಬರೂ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಶಕುಂತಲಾಬಾಯಿ ಮೊರ ಕೆಳಗಿಟ್ಟಳು.

"ಮನೀಷಾ, ಮತ್ತ ಶುರು ಮಾಡು."

"ಏನ್ರಿ?"

"ಅದೇ. ಹೊಸಾದಾಗಿ ಹೆಸರು ಹಚ್ಚು. ಬೂದಿ ತರಸ್ತೀನಿ, ಟಾಕಿ ಖಾಲಿ ಅದ. ಎಷ್ಟು ವರ್ಷ ಆಗ್ಲಿ, ನಾ ನೀರು ತುಂಬ್ತೀನಿ. ಅವರೂ ಒಪ್ಯಾರ, ಸತೀಶನೂ ಒಪ್ಯಾನ."

ಮನೀಷಾ ಜೋಳದಲ್ಲಿನ ಹರಳು ಹೆಕ್ಕಿ ಪಕ್ಕಕ್ಕಿಟ್ಟಳು. "ಬ್ಯಾಡ್ರಿ ಅತ್ತಿ."

"ಯಾಕ? ನನ್ನ ಮ್ಯಾಲ ಸಿಟ್ಟದೇನು? ಇದ್ರ ಬೈ. ಕುಂತು ಬೈಸ್ಕೋತೀನಿ."

"ಸಿಟ್ಟಿಲ್ರಿ. ನನ್ನ ಸಲುವಾಗೇ ಮಾಡೀರಿ, ನನಗ ಗೊತ್ತದ."

"ಮತ್ತ್ಯಾಕ ಬ್ಯಾಡಂತಿ? ಈ ಸಲ ಒಂದು ಬೆರಳು ಹಚ್ಚಂಗಿಲ್ಲ ನಾ. ಮೊದಲಿನಂಗ ಬೈಕೋತ ಇರ್ತೀನಿ ಬೇಕಂದ್ರ."

ಆಗ ಮನೀಷಾ ತಲೆ ಎತ್ತಿ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ನೋವೂ ಕಾಣಲಿಲ್ಲ. ಈವತ್ತು ನಳ ಬಂದಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿದಳು:

"ನೀವು ಬೈತಿದ್ದಾಗ ಅವಕ್ಕೇನೂ ಆಗಿರಲಿಲ್ರಿ ಅತ್ತಿ."

ಹೇಳಿ ಮೊರವನ್ನು ತನ್ನ ಕಡೆ ಎಳೆದುಕೊಂಡು ಉಳಿದ ಜೋಳವನ್ನೂ ಹಸನು ಮಾಡತೊಡಗಿದಳು.